ಹಳೇ ಚಕ್ರದ ಜೋಡಿ: ಮುಂದಿನ ರಿಮ್ ಚಿನ್ನ, ಹಿಂದಿನ ರಿಮ್ ಬಿರುಕು

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ನಾನು ತರಿಸಿಕೊಂಡ ಹಳೇ ಸೈಕಲ್ ಚಕ್ರದ ಜೋಡಿಯಲ್ಲಿ ಮುಂದಿನ ಚಕ್ರಕ್ಕೆ ಐದಕ್ಕೆ ನಾಲ್ಕೂವರೆ. ಹಿಂದಿನ ಹಬ್‌ಗೆ, ಅಂದರೆ ಚಕ್ರದ ನಡುವಿನ ಗುಂಬಕ್ಕೆ, ಐದಕ್ಕೆ ಐದು. ಹಿಂದಿನ ರಿಮ್‌ಗೆ, ಅಂದರೆ ಟಯರ್ ಕೂರುವ ಬಳೆಗೆ, ಸೊನ್ನೆ, ಯಾಕಂದ್ರೆ ಅದು ಬಿರುಕು ಬಿಟ್ಟಿದೆ. ಅಂಕ ಕೊಡುವುದು ಸುಲಭದ ಕೆಲಸ. ಅದು ನಿಜವಾದ ಬಿರುಕು, ಸುಮ್ನೆ ಮೇಲಿನ ಗೆರೆ ಅಲ್ಲ ಅಂತ ಹೇಗೆ ಗೊತ್ತಾಯಿತು ಎಂಬುದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹಳೇ ಅಲ್ಯೂಮಿನಿಯಂ ರಿಮ್ ಕೊಳ್ಳುವವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆಯ ಮುಂದೆ ನಿಲ್ಲಲೇಬೇಕು.

ನಾನು ತರಿಸಿದ್ದು 1980ರ ದಶಕದ ರೋಡ್ ಸೈಕಲ್ಲಿನ ಚಕ್ರದ ಜೋಡಿ. 700ಸಿ ಅಳತೆ, 36 ಸ್ಪೋಕ್, ಮೂರು ಕ್ರಾಸ್ ಹೆಣಿಗೆ (ಒಂದೊಂದು ಸ್ಪೋಕ್ ಬೇರೆ ಮೂರನ್ನು ದಾಟಿ ಹೋಗುತ್ತದೆ). ಹಿಂದಿನ ಹಬ್‌ನ ಅಗಲ 126 ಮಿಲಿಮೀಟರ್. ರಿಮ್ ಒಳಗೆ ಟೊಳ್ಳಾದ ಪೆಟ್ಟಿಗೆ ಆಕಾರದ್ದು, ಪ್ರತಿ ಸ್ಪೋಕ್ ತೂತಿಗೂ ಡಬಲ್ ಐಲೆಟ್ (ತೂತಿಗೆ ಕೂರಿಸಿದ ಲೋಹದ ಉಂಗುರ). ಅಂದರೆ ಐಲೆಟ್ ಒಂದು ಸಣ್ಣ ಲೋಟದ ಥರ ರಿಮ್ಮಿನ ಒಳಗೋಡೆ ಹೊರಗೋಡೆ ಎರಡನ್ನೂ ಹಿಡಿದುಕೊಂಡಿರುತ್ತದೆ, ಸ್ಪೋಕ್ ಎಳೆತ ಎರಡಕ್ಕೂ ಹಂಚಿಹೋಗುತ್ತದೆ. ಬಣ್ಣ ಕಡು ಬೂದು, ಹಾರ್ಡ್ ಅನೋಡೈಸಿಂಗ್ ಮಾಡಿದ್ದು. ಕಂಪನಿ ಯಾವುದು ಅನ್ನುವುದು ಇಲ್ಲಿ ಮುಖ್ಯವಲ್ಲ. ಆ ಕಾಲದಲ್ಲಿ ಹಲವು ಕಂಪನಿಗಳು ಇಂಥ ಬೂದು ರಿಮ್ ಮಾಡಿದ್ದವು.

ಮಾರುವವರು ಚೆನ್ನಾಗಿ ಪ್ಯಾಕ್ ಮಾಡಿ ಕಳಿಸಿದ್ದರು. ಆಕ್ಸಲ್ ತುದಿಗೆ ಕ್ಯಾಪ್, ಎರಡು ಚಕ್ರದ ಮಧ್ಯೆ ದಪ್ಪ ರಟ್ಟು. ಆ ವಿಷಯದಲ್ಲಿ ದೂರಿಲ್ಲ. ವಿವರಣೆಯಲ್ಲಿ ಒಂದು ಸಾಲು ಇತ್ತು: ಐಲೆಟ್ ಸುತ್ತ ಕಾಣುವುದು ಲೇಪದ ಗೆರೆ ಮಾತ್ರ, ಬಿರುಕಲ್ಲ. ಈ ಸಾಲು ಹಳೇ ರಿಮ್ ಮಾರುವ ಕಡೆಯಲ್ಲೆಲ್ಲ ಸಿಗುತ್ತದೆ. ಎಷ್ಟೋ ಸಲ ನಿಜವೂ ಆಗಿರುತ್ತದೆ. ಆದ್ದರಿಂದಲೇ ಅದನ್ನು ಪರೀಕ್ಷಿಸದೆ ನಂಬಲೂ ಆಗುವುದಿಲ್ಲ, ತಳ್ಳಿಹಾಕಲೂ ಆಗುವುದಿಲ್ಲ.

ಲೇಪದ ಗೆರೆ ಯಾಕೆ ಬರುತ್ತದೆ ಅಂತ ತಿಳಿದರೆ ಅರ್ಧ ಕೆಲಸ ಮುಗಿದಂತೆ. ಅನೋಡೈಸಿಂಗ್ ಅಂದರೆ ಬಣ್ಣ ಬಳಿಯುವುದಲ್ಲ. ಅಲ್ಯೂಮಿನಿಯಂ ಮೇಲ್ಮೈಯನ್ನೇ ಆಕ್ಸೈಡ್ ಆಗಿ ಬೆಳೆಸುವುದು. ಈ ಪದರ ತುಂಬಾ ಗಟ್ಟಿ, ಅಷ್ಟೇ ಪೆಡಸು. ಅಡಿಯ ಲೋಹ ಸ್ವಲ್ಪ ಹಿಗ್ಗಿದರೂ ಸುಮ್ಮನಿರುತ್ತದೆ, ಮೇಲಿನ ಪದರ ಹಿಗ್ಗಲಾರದೆ ಸೀಳುತ್ತದೆ. ಸ್ಪೋಕ್ ಬಿಗಿದಾಗ ತೂತಿನ ಸುತ್ತ ಲೋಹ ಹಿಗ್ಗುತ್ತದಲ್ವಾ, ಗೆರೆಗಳು ಹುಟ್ಟುವುದೂ ಅಲ್ಲೇ. ತೆಳು ಅನೋಡೈಸಿಂಗ್‌ನಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. ದಪ್ಪ ಬೂದು ಪದರದಲ್ಲಿ ಎದ್ದು ಕಾಣುತ್ತದೆ. ಮ್ಯಾವಿಕ್ ಕಂಪನಿಯ ಎಂಎ2 ಮತ್ತು ಎಂಎ40 ಒಂದೇ ಆಕಾರದ ರಿಮ್‌ಗಳು. ಮೊದಲನೆಯದು ಬೆಳ್ಳಿ ಬಣ್ಣದ ಪಾಲಿಶ್, ಎರಡನೆಯದು ಹಾರ್ಡ್ ಅನೋಡೈಸ್ ಮಾಡಿದ ಬೂದು. ಚಕ್ರಗಳ ಬಗ್ಗೆ ಆಳವಾಗಿ ಯೋಚಿಸಿದ ಎಂಜಿನಿಯರ್ ಜಾಬ್ಸ್ಟ್ ಬ್ರ್ಯಾಂಡ್ಟ್ ವರ್ಷಗಟ್ಟಲೆ ವಾದಿಸಿದ್ದು ಇದನ್ನೇ: ಹಾರ್ಡ್ ಪದರ ರಿಮ್ಮಿಗೆ ಬಲ ಕೊಡುವುದಿಲ್ಲ, ಅದರಲ್ಲಿ ಹುಟ್ಟಿದ ಸೀಳು ನಿಧಾನವಾಗಿ ಲೋಹಕ್ಕೆ ಇಳಿಯುತ್ತದೆ. ನನ್ನ ಕೈಗೆ ಬಂದ ರಿಮ್‌ಗಳನ್ನು ನೋಡಿದ ಮೇಲೆ ನಾನೂ ಅವರ ಪಕ್ಷವೇ. ಹಾಗಾಗಿ "ಗೆರೆಯೋ ಬಿರುಕೋ" ಅಂತ ಕೇಳುವುದಕ್ಕಿಂತ "ಈ ಗೆರೆ ಲೋಹಕ್ಕೆ ಇಳಿದಿದೆಯಾ" ಅಂತ ಕೇಳುವುದು ಸರಿ.

ನೋಡುವ ಮೊದಲು ತೊಳೆಯಬೇಕು. ಬ್ರೇಕ್ ರಬ್ಬರಿನ ಪುಡಿ, ಅಲ್ಯೂಮಿನಿಯಂ ಪುಡಿ, ಹಳೇ ಎಣ್ಣೆ ಎಲ್ಲ ಸೇರಿ ಐಲೆಟ್ ಸುತ್ತ ಕಪ್ಪು ಉಂಗುರ ಕಟ್ಟಿರುತ್ತದೆ. ಡಿಗ್ರೀಸರ್, ಮೆತ್ತಗಿನ ಬ್ರಶ್, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಮೆಟಲ್ ಪಾಲಿಶ್, ಸ್ಯಾಂಡ್ ಪೇಪರ್ ಮುಟ್ಟಲೇಬೇಡಿ. ಅಲ್ಯೂಮಿನಿಯಂ ಮೆದು. ಉಜ್ಜಿದರೆ ಲೋಹ ಸವರಿಕೊಂಡು ಬಿರುಕಿನ ಬಾಯಿ ಮುಚ್ಚಿಹೋಗುತ್ತದೆ. ಆಮೇಲೆ ಯಾವ ಪರೀಕ್ಷೆ ಮಾಡಿದರೂ ರಿಮ್ ಚೆನ್ನಾಗಿದೆ ಅಂತಲೇ ತೋರಿಸುತ್ತದೆ. ಹೊಳೆಯುವಂತೆ ಪಾಲಿಶ್ ಮಾಡಿದ ಹಳೇ ರಿಮ್ ಕಂಡರೆ ನನಗೆ ಖುಷಿಗಿಂತ ಅನುಮಾನವೇ ಜಾಸ್ತಿ.

ಎರಡು ರಿಮ್‌ನಲ್ಲೂ ಮೊದಲು ಕಣ್ಣಿಗೆ ಬಿದ್ದದ್ದು ವಾಲ್ವ್ ತೂತಿನ ನೇರ ಎದುರಿಗೆ ಅಡ್ಡಲಾಗಿ ಹಾದುಹೋಗುವ ಗೆರೆ. ಇದನ್ನು ನೋಡಿ ಬೆಚ್ಚಿಬೀಳುವವರು ತುಂಬಾ ಜನ. ಅದು ಜಾಯಿಂಟ್ ಅಷ್ಟೇ. ಉದ್ದದ ಅಲ್ಯೂಮಿನಿಯಂ ಪಟ್ಟಿಯನ್ನು ಬಳೆಯಂತೆ ಬಗ್ಗಿಸಿ, ಎರಡು ತುದಿಯ ಒಳಗೆ ಪಿನ್ನೋ ತೋಳೋ ತೂರಿಸಿ ಒತ್ತಿ ಕೂಡಿಸುತ್ತಿದ್ದರು. ಬೆಸುಗೆ ಹಾಕಿ ಪಕ್ಕವನ್ನು ಮೆಷಿನ್‌ನಲ್ಲಿ ನುಣುಪು ಮಾಡುವುದು ಸಾಮಾನ್ಯವಾದದ್ದು ಆಮೇಲೆ. ಜಾಯಿಂಟ್ ಗೆರೆಯನ್ನು ಗುರುತಿಸುವುದು ಕಷ್ಟವಲ್ಲ. ಅಳತೆಗೋಲು ಇಟ್ಟು ಎಳೆದಷ್ಟು ನೇರ, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಪೂರ್ತಿ, ವಾಲ್ವ್‌ಗೆ ಸರಿಯಾಗಿ 180 ಡಿಗ್ರಿ. ಬಿರುಕು ಇಷ್ಟು ಶಿಸ್ತಾಗಿ ಇರುವುದಿಲ್ಲ.

ಮುಂದಿನ ರಿಮ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮುಂದಿನ ಚಕ್ರಕ್ಕೆ ಡಿಶ್ ಇಲ್ಲ, ಅಂದರೆ ಒಂದು ಕಡೆಯ ಸ್ಪೋಕ್‌ಗಳು ಮಾತ್ರ ಹೆಚ್ಚು ನೆಟ್ಟಗೆ ನಿಂತಿರುವುದಿಲ್ಲ. ಎರಡೂ ಕಡೆಯ ಸ್ಪೋಕ್‌ಗಳ ಎಳೆತ ಸಮ. ಅಲ್ಲಿ ಐಲೆಟ್ ಬಿರುಕು ಅಪರೂಪ. ನೋಡಬೇಕಾದ್ದು ಬ್ರೇಕ್ ಪ್ಯಾಡ್ ತಾಗುವ ಪಕ್ಕದ ಗೋಡೆ. ಸ್ಟೀಲ್ ಸ್ಕೇಲನ್ನು ಅಂಚಿಗೆ ನಿಲ್ಲಿಸಿ ಹಿಂದಿನಿಂದ ಬೆಳಕು ಬಿಟ್ಟೆ. ನಡುವೆ ಕೂದಲೆಳೆಯಷ್ಟು ಬೆಳಕು ಬಂತು. ಸವೆತ ಶುರುವಾಗಿದೆ, ಆದರೆ ಸ್ವಲ್ಪವೇ. ಗೋಡೆಯ ದಪ್ಪ ಇನ್ನೂ ಒಂದು ಮಿಲಿಮೀಟರಿಗಿಂತ ಚೆನ್ನಾಗಿ ಜಾಸ್ತಿ ಇದೆ. ಒಂದಕ್ಕಿಂತ ಕೆಳಗೆ ಇಳಿದ ರಿಮ್ಮನ್ನು ನಾನು ಓಡಿಸುವುದಿಲ್ಲ. ಇಲ್ಲಿ ಒಂದು ಮಾತು ಗಂಭೀರವಾಗಿ: ಗೋಡೆಯ ಉದ್ದಕ್ಕೂ ಸಾಗುವ ಗೆರೆ, ಅಥವಾ ಟಯರಿಗೆ ಗಾಳಿ ತುಂಬಿದಾಗ ಒಂದು ಕಡೆ ಹೊರಗೆ ಉಬ್ಬುವ ಗೋಡೆ ಕಂಡರೆ ಆ ಚಕ್ರವನ್ನು ಅಲ್ಲೇ ಬಿಡಿ. ಐಲೆಟ್ ಬಿರುಕು ಸಾಮಾನ್ಯವಾಗಿ ನಿಧಾನಕ್ಕೆ ಬೆಳೆಯುತ್ತದೆ, ಚಕ್ರ ಬೆಂಡಾಗಿ ಸೂಚನೆ ಕೊಡುತ್ತದೆ. ಪಕ್ಕದ ಗೋಡೆ ಹಾಗಲ್ಲ. ಬ್ರೇಕ್ ಹಿಡಿದ ಹೊತ್ತಿನಲ್ಲೇ ಕಿತ್ತು ಬಂದು ಟಯರನ್ನೂ ಹೊರಗೆಸೆಯಬಹುದು.

ಈಗ ಹಿಂದಿನ ಚಕ್ರ.

ಹಿಂದೆ ಬಲಗಡೆ ಫ್ರೀವೀಲ್‌ಗೆ, ಅಂದರೆ ಚೈನ್ ಕೂರುವ ಹಲ್ಲಿನ ಚಕ್ರಗಳಿಗೆ, ಜಾಗ ಬೇಕು. ಹಾಗಾಗಿ ಬಲಗಡೆಯ ಸ್ಪೋಕ್‌ಗಳು ಹೆಚ್ಚು ನೆಟ್ಟಗೆ ನಿಂತಿರುತ್ತವೆ, ರಿಮ್ಮನ್ನು ಮಧ್ಯಕ್ಕೆ ತರಬೇಕಾದರೆ ಅವನ್ನು ಜಾಸ್ತಿ ಬಿಗಿಯಬೇಕು. ಒಂದೊಂದು ಸ್ಪೋಕ್‌ನಲ್ಲೂ ಸುಮಾರು 100 ಕೆಜಿ ತೂಗಿಹಾಕಿದಷ್ಟು ಎಳೆತ ಇರುತ್ತದೆ. ಎಡಗಡೆ ಎಷ್ಟೋ ಕಡಿಮೆ. ಅದಕ್ಕೇ ಹಳೇ ಹಿಂದಿನ ರಿಮ್ ಸಿಕ್ಕರೆ ಬಲಗಡೆಯ 18 ತೂತುಗಳಿಂದಲೇ ಶುರುಮಾಡಿ. ಎಡಗಡೆ ಬಿರುಕು ಕಂಡರೆ ಬಲಗಡೆಯಲ್ಲಿ ಇಲ್ಲದೇ ಇರುವುದು ವಿರಳ.

ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಮತ್ತು ಒಂದು ಪುಟ್ಟ ಟಾರ್ಚ್ ಹಿಡಿದು ಕೂತೆ. ಟಾರ್ಚನ್ನು ನೇರವಾಗಿ ಬಿಡಬಾರದು. ರಿಮ್ ಮೇಲ್ಮೈಗೆ ಒರಗಿಸಿದಂತೆ ಓರೆಯಾಗಿ ಹಿಡಿದರೆ ಗೆರೆಗಳಿಗೆ ನೆರಳು ಬೀಳುತ್ತದೆ. ಬಹುತೇಕ ಐಲೆಟ್‌ಗಳ ಸುತ್ತ ಕಂಡದ್ದು ಒಂದೇ ಥರ: ಹತ್ತಾರು ನವಿರಾದ ಗೆರೆ, ಒಂದಕ್ಕೊಂದು ಸಮನಾಗಿ, ಯಾವುದಕ್ಕೂ ಅಂಚಿಲ್ಲ, ಯಾವುದೂ ಮತ್ತೊಂದಕ್ಕಿಂತ ಗಾಢವಲ್ಲ. ಬಲಗಡೆ ಎಡಗಡೆ ಎರಡರಲ್ಲೂ ಇತ್ತು, ಮುಂದಿನ ರಿಮ್ಮಿನಲ್ಲೂ ಸ್ವಲ್ಪ ಇತ್ತು. ಎಲ್ಲ ಕಡೆ ಒಂದೇ ಸಮ ಇರುವುದು ಲೇಪದ ಲಕ್ಷಣ. ಇದನ್ನು ಕುರಿತು ಮಾರುವವರು ಹೇಳಿದ್ದು ಸರಿಯೇ.

ವಾಲ್ವ್‌ನಿಂದ ಎಣಿಸಿದರೆ ಬಲಗಡೆಯ ನಾಲ್ಕನೇ ಐಲೆಟ್ ಮಾತ್ರ ಬೇರೆ ಇತ್ತು. ಅಲ್ಲಿ ಗೆರೆ ಹತ್ತಾರು ಇರಲಿಲ್ಲ, ಎರಡೇ ಇದ್ದವು. ಐಲೆಟ್ ಉಂಗುರದ ಎರಡು ಪಕ್ಕದಿಂದ ಹೊರಟು, ಒಂದು ಮುಂದಕ್ಕೆ ಒಂದು ಹಿಂದಕ್ಕೆ, ಚಕ್ರ ತಿರುಗುವ ದಿಕ್ಕಿನಲ್ಲೇ ಸಾಗಿದ್ದವು. ಉದ್ದನೆಯದು ಸುಮಾರು ಏಳೆಂಟು ಮಿಲಿಮೀಟರ್. ಉಂಗುರದ ಹತ್ತಿರ ಅಗಲ, ತುದಿಗೆ ಹೋದಂತೆ ಸಣ್ಣಗಾಗಿ ಮಾಯ. ಗೆರೆಯ ಒಂದು ದಡ ಇನ್ನೊಂದಕ್ಕಿಂತ ಚೂರು ಎತ್ತರ. ಬೆಳಕು ಈ ಕಡೆಯಿಂದ ಬಿಟ್ಟರೆ ಗೆರೆ ಕಪ್ಪು, ಆ ಕಡೆಯಿಂದ ಬಿಟ್ಟರೆ ಎದ್ದ ದಡ ಮಿಂಚುತ್ತಿತ್ತು. ಲೇಪದ ಗೆರೆಗೆ ಎತ್ತರ ತಗ್ಗು ಇರುವುದಿಲ್ಲ.

ದಿಕ್ಕು ಯಾಕೆ ಹಾಗೆ ಅನ್ನುವುದಕ್ಕೂ ಕಾರಣ ಇದೆ. ರಿಮ್ಮಿನ ಪಟ್ಟಿಯನ್ನು ಅಚ್ಚಿನ ಮೂಲಕ ಒತ್ತಿ ಹೊರತೆಗೆದಿರುತ್ತಾರೆ. ಲೋಹದ ಕಣಗಳೆಲ್ಲ ಉದ್ದಕ್ಕೆ ಮಲಗಿರುತ್ತವೆ. ಸ್ಪೋಕ್ ತೂತನ್ನು ಹಬ್ ಕಡೆಗೆ ಎಳೆಯುತ್ತಾ ಇದ್ದರೆ ಸೀಳು ಆ ಉದ್ದಕ್ಕೇ ಸುಲಭವಾಗಿ ಸಾಗುತ್ತದೆ. ಐಲೆಟ್‌ನಿಂದ ಹುಟ್ಟಿ ರಿಮ್ಮಿನ ಉದ್ದಕ್ಕೆ ಓಡುವ ಒಂಟಿ ಗೆರೆ ಕಂಡರೆ ಅದನ್ನು ಬಿರುಕು ಅಂತಲೇ ಹಿಡಿದು ಮುಂದುವರಿಯಿರಿ. ಅಲ್ಲ ಅಂತ ಸಾಬೀತಾಗುವವರೆಗೆ ಅದು ಬಿರುಕೇ.

ಉಗುರಿನ ಪರೀಕ್ಷೆ ಎಲ್ಲರೂ ಹೇಳುತ್ತಾರೆ. ಗೆರೆಗೆ ಅಡ್ಡಲಾಗಿ ಉಗುರು ಎಳೆದು, ಸಿಕ್ಕಿಕೊಂಡರೆ ಬಿರುಕು ಅಂತ. ನನಗೆ ಅದರ ಮೇಲೆ ಅಷ್ಟು ಭರವಸೆ ಇಲ್ಲ. ಗೀರಿಗೂ ಉಗುರು ಸಿಕ್ಕಿಕೊಳ್ಳುತ್ತದೆ, ಹೊಸ ಬಿರುಕಿಗೆ ಸಿಕ್ಕಿಕೊಳ್ಳುವುದೇ ಇಲ್ಲ. ಹತ್ತಿ ಸ್ವಲ್ಪ ವಾಸಿ. ಒಣ ಹತ್ತಿಯನ್ನು ಮೆಲ್ಲಗೆ ಸವರಿದರೆ ಎದ್ದ ದಡಕ್ಕೆ ಎಳೆ ಸಿಕ್ಕಿ ಉಳಿಯುತ್ತದೆ. ನಾಲ್ಕನೇ ಐಲೆಟ್‌ನಲ್ಲಿ ಎರಡು ಎಳೆ ನಿಂತವು. ಬೇರೆ ಯಾವ ಐಲೆಟ್‌ನಲ್ಲೂ ನಿಲ್ಲಲಿಲ್ಲ.

ಆದರೆ ನನಗೆ ಪೂರ್ತಿ ಒಪ್ಪಿಗೆಯಾದದ್ದು ಎಣ್ಣೆಯಿಂದ. ತೆಳು ಎಣ್ಣೆಯ ಒಂದು ಹನಿ ಗೆರೆಯ ಮೇಲೆ ಬಿಟ್ಟು, ಒಂದಷ್ಟು ಹೊತ್ತು ಕಾದು, ಚೆನ್ನಾಗಿ ಒರೆಸಿ ಒಣಗಿಸಿದೆ. ಕೈಗವಸು ಹಾಕಿಕೊಂಡು ಆ ಸ್ಪೋಕನ್ನೂ ಅದೇ ಕಡೆ ಅದಕ್ಕೆ ಸಮಾನಾಂತರವಾಗಿ ಓಡುವ ಸ್ಪೋಕನ್ನೂ ಒಟ್ಟಿಗೆ ಹಿಡಿದು ಗಟ್ಟಿಯಾಗಿ ಹಿಂಡಿದೆ. ಹಿಂಡಿದಾಗ ಸ್ಪೋಕ್ ಎಳೆತ ಕ್ಷಣಕಾಲ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ಲೂಪ್‌ನಲ್ಲಿ ನೋಡುತ್ತಿದ್ದಂತೆ, ಒಣಗಿದ್ದ ಗೆರೆಯ ಮೇಲೆ ಎಣ್ಣೆಯ ಸಣ್ಣ ಹೊಳಪು ಮೇಲೆ ಬಂತು, ಹಿಂಡಿದಾಗ ಒಳಗೆ ಹೋಯಿತು, ಬಿಟ್ಟಾಗ ಮತ್ತೆ ಮೇಲೆ ಬಂತು. ಬಾಯಿ ತೆರೆದು ಮುಚ್ಚುವ ಗೆರೆ ಲೇಪದಲ್ಲಿ ನಿಂತಿಲ್ಲ, ಲೋಹದೊಳಗೆ ಇಳಿದಿದೆ. ಪಕ್ಕದ ಐಲೆಟ್‌ಗಳಿಗೂ ಇದನ್ನೇ ಮಾಡಿದೆ. ಅಲ್ಲಿ ಒರೆಸಿದ ಮೇಲೆ ಏನೂ ಮೇಲೆ ಬರಲಿಲ್ಲ.

ಇಲ್ಲಿಂದ ಕೊಳ್ಳುವವರಿಗೆ ಬಹಳ ಮುಖ್ಯವಾದ ಒಂದು ಸಂಗತಿ ಹೊರಡುತ್ತದೆ. ಸ್ಪೋಕ್ ಬಿಚ್ಚಿದ ಬರೀ ರಿಮ್ಮಿನಲ್ಲಿ ಬಿರುಕು ಮುಚ್ಚಿಕೊಳ್ಳುತ್ತದೆ. ಎಳೆತ ಇಲ್ಲದಿದ್ದರೆ ಅದನ್ನು ತೆರೆದಿಡುವುದು ಯಾವುದು? ಅದೇ ರಿಮ್, ಹೆಣೆದ ಚಕ್ರವಾಗಿದ್ದಾಗ ಗುಟ್ಟು ಬಿಟ್ಟುಕೊಡುತ್ತದೆ. ಹಾಗಾಗಿ ಬಳಸಿದ ಬಿಡಿ ರಿಮ್‌ಗಿಂತ ಬಳಸಿದ ಪೂರ್ತಿ ಚಕ್ರ ಕೊಳ್ಳುವುದು ಯಾವತ್ತೂ ಲೇಸು. ಬಿಡಿ ರಿಮ್ಮೇ ಬೇಕಾದರೆ ಡೈ ಪೆನೆಟ್ರೆಂಟ್ ಪರೀಕ್ಷೆ, ಅಂದರೆ ಬಿರುಕಿನೊಳಗೆ ಬಣ್ಣ ಇಳಿಸಿ ನೋಡುವ ಪರೀಕ್ಷೆ, ಮಾಡದೆ ಹೆಣೆಯಬೇಡಿ.

ಆ ಪರೀಕ್ಷೆಯನ್ನೂ ಈ ರಿಮ್‌ಗೆ ಕೊನೆಗೆ ಮಾಡಿದೆ. ಮೊದಲು ಹಾಕಿದ್ದ ಎಣ್ಣೆಯನ್ನು ಕ್ಲೀನರ್‌ನಿಂದ ಪೂರ್ತಿ ತೆಗೆದೆ, ಇಲ್ಲದಿದ್ದರೆ ಬಣ್ಣ ಒಳಗೆ ಇಳಿಯಲು ಜಾಗವೇ ಇರುವುದಿಲ್ಲ. ಮೂರು ಡಬ್ಬಿ ಇರುತ್ತವೆ: ಕ್ಲೀನರ್, ಕೆಂಪು ಬಣ್ಣ, ಬಿಳಿ ಡೆವಲಪರ್. ಕೆಂಪು ಹೊಡೆದು ಹತ್ತರಿಂದ ಇಪ್ಪತ್ತು ನಿಮಿಷ ಬಿಡಬೇಕು. ಒರೆಸುವಾಗ ಕ್ಲೀನರನ್ನು ಬಟ್ಟೆಗೆ ಹಾಕಿ ಒರೆಸಬೇಕು, ನೇರವಾಗಿ ರಿಮ್ ಮೇಲೆ ಹೊಡೆದರೆ ಬಿರುಕಿನೊಳಗಿನ ಬಣ್ಣವೂ ತೊಳೆದುಹೋಗುತ್ತದೆ. ಆಮೇಲೆ ಬಿಳಿಯ ತೆಳು ಪದರ. ಬಿರುಕು ಇದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಒಸರುತ್ತದೆ. ಗಾಳಿ ಆಡುವ ಜಾಗದಲ್ಲಿ ಮಾಡಿ, ಬೆಂಕಿ ಹತ್ತಿರ ಬೇಡ, ಹಬ್ಬಿನ ಬೇರಿಂಗ್‌ಗೆ ತಾಗದಂತೆ ಬಟ್ಟೆ ಸುತ್ತಿ.

ರಿಮ್ ವಿಷಯದಲ್ಲಿ ಈ ಪರೀಕ್ಷೆ ಎರಡು ಕಡೆ ದಾರಿ ತಪ್ಪಿಸುತ್ತದೆ. ಐಲೆಟ್ ಬೇರೆ ತುಂಡು, ಅದಕ್ಕೂ ರಿಮ್ಮಿಗೂ ನಡುವೆ ಸಂದು ಇದ್ದೇ ಇರುತ್ತದೆ. ಆದ್ದರಿಂದ ಪ್ರತಿ ಐಲೆಟ್ ಸುತ್ತಲೂ ಕೆಂಪು ಉಂಗುರ ಮೂಡುತ್ತದೆ. ಹೆದರಬೇಡಿ. ಉಂಗುರ ದಾಟಿ ಹೊರಗೆ ಹೋಗುವ ಗೆರೆ ಮಾತ್ರ ಲೆಕ್ಕ. ಇನ್ನೊಂದು, ಅನೋಡೈಸ್ ಪದರದಲ್ಲಿ ಅತಿ ಸಣ್ಣ ರಂಧ್ರಗಳಿರುತ್ತವೆ, ಅದು ಬಣ್ಣ ಹೀರಿ ಸುತ್ತಲೂ ಮಸುಕು ಗುಲಾಬಿ ಆಗಬಹುದು. ಹರಡಿದ ಗುಲಾಬಿ ಲೇಪದ್ದು, ಚೂಪಾಗಿ ಒಸರುವ ಕೆಂಪು ಬಿರುಕಿನದು. ನನ್ನ ರಿಮ್ಮಿನಲ್ಲಿ ನಾಲ್ಕನೇ ಐಲೆಟ್‌ನಿಂದ ಎರಡು ಕಡೆಗೂ ಕೆಂಪು ಗೆರೆ ಓಡಿತು. ಅದರ ಜೊತೆಗೆ ಲೂಪ್‌ಗೆ ಸಿಗದ ಇನ್ನೊಂದು ಬಿರುಕನ್ನೂ ತೋರಿಸಿತು, ಜಾಯಿಂಟ್‌ಗೆ ಹತ್ತಿರದ ಬಲಗಡೆಯ ಐಲೆಟ್‌ನಲ್ಲಿ, ಎರಡು ಮಿಲಿಮೀಟರ್ ಇದ್ದೀತು. ಅಲ್ಲಿಗೆ ಈ ರಿಮ್ಮಿನ ಕಥೆ ತೀರ್ಮಾನವಾಯಿತು. ಒಂದು ಕಡೆ ಸೀಳಿದ್ದರೆ ಉಳಿದ ತೂತುಗಳೂ ಅಷ್ಟೇ ವರ್ಷ ಅಷ್ಟೇ ಎಳೆತ ತಡೆದಿರುತ್ತವೆ.

ಡಬ್ಬಿ, ಲೂಪ್ ಏನೂ ಇಲ್ಲದವರಿಗೆ ಕಿವಿ ಇದೆ. ಒಂದೇ ಕಡೆಯ ಸ್ಪೋಕ್‌ಗಳನ್ನು ಒಂದೊಂದಾಗಿ ಬೆರಳಿಂದ ಮೀಟಿ. ಚಕ್ರ ನೆಟ್ಟಗಿದ್ದೂ ಒಂದೇ ಒಂದು ಸ್ಪೋಕ್ ಮಂದ್ರದಲ್ಲಿ ನುಡಿದರೆ ಅದರ ತೂತನ್ನು ಮೊದಲು ನೋಡಿ. ಬಿಗಿದು ಓಡಿಸಿದ ಮೇಲೆ ಅದೇ ಸ್ಪೋಕ್ ಮತ್ತೆ ಸಡಿಲವಾದರೆ ಅನುಮಾನ ಗಟ್ಟಿ. ನಿಪ್ಪಲ್, ಅಂದರೆ ಸ್ಪೋಕ್ ತುದಿಯನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್ಟು, ತಾನಾಗಿ ಬಿಚ್ಚಿಕೊಂಡಿದ್ದರೂ ಹೀಗಾಗುತ್ತದೆ, ಆದ್ದರಿಂದ ಕಿವಿಯ ಮಾತೊಂದನ್ನೇ ಕೇಳಿ ರಿಮ್ ಎಸೆಯಬೇಡಿ. ಟಯರ್, ಟ್ಯೂಬ್, ರಿಮ್ ಟೇಪ್ ತೆಗೆದು ಒಳಗಿನಿಂದಲೂ ನೋಡಿ. ನನ್ನ ನಾಲ್ಕನೇ ಐಲೆಟ್‌ನ ಬಟ್ಟಲು ಒಳಗಿನಿಂದ ನೋಡಿದಾಗ ಪಕ್ಕದವಕ್ಕಿಂತ ಚೂರು ಕೆಳಗೆ ಕುಸಿದು ವಾಲಿತ್ತು.

ಸ್ಟೀಲ್ ರಿಮ್ ಇಟ್ಟುಕೊಂಡವರಿಗೆ ಈ ತಲೆನೋವು ಕಡಿಮೆ. ಅಲ್ಲಿ ಸೀಳುವುದು ಹೆಚ್ಚಾಗಿ ಕ್ರೋಮ್ ಪದರ. ತೂತಿನ ಸುತ್ತ ತುಕ್ಕು ತಿಂದು ಲೋಹ ತೆಳುವಾಗಿದೆಯಾ ಅಂತ ನೋಡಿದರೆ ಸಾಕು.

ಬಿರುಕಿಗೆ ಬೆಸುಗೆ ಹಾಕಬಹುದಾ, ಅಂಟು ತುಂಬಬಹುದಾ, ತುದಿಗೆ ಸಣ್ಣ ತೂತು ಕೊರೆದು ನಿಲ್ಲಿಸಬಹುದಾ ಅಂತ ಕೇಳುವವರಿದ್ದಾರೆ. ಬೇಡ. ಬೆಸುಗೆಯ ಕಾವಿಗೆ ಸುತ್ತಲಿನ ಅಲ್ಯೂಮಿನಿಯಂ ಬಲ ಕಳೆದುಕೊಳ್ಳುತ್ತದೆ. ಅಂಟಿಗೆ ಇಂಥ ಎಳೆತ ತಡೆಯುವ ಶಕ್ತಿ ಇಲ್ಲ. ಕೊರೆಯುವುದಕ್ಕೆ ಅಲ್ಲಿ ಲೋಹವೇ ಉಳಿದಿರುವುದಿಲ್ಲ. ಹಗುರ ಸವಾರನಿಗೆ ನಡೆಯುತ್ತೆ ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ತೂಕ ಕಡಿಮೆ ಇರಬಹುದು, ಆದರೆ ಸ್ಪೋಕ್ ಎಳೆತ ಸವಾರ ಸೈಕಲ್ ಹತ್ತದಿದ್ದರೂ ಹಗಲು ರಾತ್ರಿ ಇದ್ದೇ ಇರುತ್ತದೆ. ಒಂದು ನಿಪ್ಪಲ್ ಕಿತ್ತು ಬಂದರೆ ಅದರ ಪಾಲಿನ ಹೊರೆ ಪಕ್ಕದವಕ್ಕೆ ಹೋಗುತ್ತದೆ.

ಮಾರುವವರಿಗೆ ಕೆಂಪು ಗೆರೆಯ ಫೋಟೋ ಕಳಿಸಿದೆ. ವಾದ ಮಾಡದೆ ಹಿಂದಿನ ರಿಮ್ಮಿನ ಬೆಲೆ ವಾಪಸ್ ಮಾಡಿದರು. ಅವರಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ನೀವು ಕೊಳ್ಳುವ ಮೊದಲೇ ಕೇಳಬೇಕಾದ ಫೋಟೋ ಅಂದರೆ ಇವು: ತೊಳೆದ ರಿಮ್ಮಿನ ಬಲಗಡೆಯ ಐಲೆಟ್‌ಗಳು ಹತ್ತಿರದಿಂದ, ಓರೆ ಬೆಳಕಿನಲ್ಲಿ, ಚಕ್ರ ಹೆಣೆದಿರುವಾಗಲೇ. ಟೇಪ್ ತೆಗೆದ ಒಳಭಾಗ. ಸ್ಕೇಲ್ ಇಟ್ಟ ಬ್ರೇಕ್ ಗೋಡೆ. ದೂರದಿಂದ ತೆಗೆದ ಚಂದದ ಫೋಟೋಗಳಿಂದ ಏನೂ ಗೊತ್ತಾಗುವುದಿಲ್ಲ.

ಹಿಂದಿನ ಚಕ್ರವನ್ನು ಬಿಚ್ಚಿದೆ. ಬಿಗಿಯಾಗಿರುವ ಸ್ಪೋಕ್‌ಗಳನ್ನು ಹಾಗೇ ಕತ್ತರಿಸಲು ಹೋಗಬೇಡಿ, ಹಬ್‌ನ ಫ್ಲ್ಯಾಂಜ್‌ಗೆ (ಸ್ಪೋಕ್ ಸಿಕ್ಕಿಸುವ ಅಂಚಿಗೆ) ಪೆಟ್ಟು ಬೀಳುತ್ತದೆ. ಪ್ರತಿ ನಿಪ್ಪಲ್ಲನ್ನೂ ಸುತ್ತು ಬಳಸಿ ಸ್ವಲ್ಪ ಸ್ವಲ್ಪವೇ ಸಡಿಲ ಮಾಡಬೇಕು. ಹಬ್‌ನ ಕೋನ್‌ಗಳು (ಬೇರಿಂಗ್ ಗುಂಡುಗಳು ಉರುಳುವ ಭಾಗ) ಕನ್ನಡಿಯಂತೆ ಇದ್ದವು, ಒಂದು ಚುಕ್ಕೆ ಇಲ್ಲ. ಅದಕ್ಕೆ ಈಗ ಬೆಳ್ಳಿ ಬಣ್ಣದ, ಹಾರ್ಡ್ ಪದರ ಇಲ್ಲದ ಅದೇ ಕಾಲದ ರಿಮ್ ಹುಡುಕುತ್ತಿದ್ದೇನೆ. ಅದರ ಇಆರ್‌ಡಿ, ಅಂದರೆ ನಿಪ್ಪಲ್ ಕೂರುವ ಜಾಗದ ವ್ಯಾಸ, ಹಳೇ ರಿಮ್ಮಿಗೆ ಒಂದೆರಡು ಮಿಲಿಮೀಟರ್ ಒಳಗೆ ಹೊಂದಿದರೆ ಸ್ಪೋಕ್ ಉದ್ದ ಅದೇ ನಡೆಯುತ್ತದೆ. ಮುಂದಿನ ಚಕ್ರ ಆಗಲೇ ರಸ್ತೆಯಲ್ಲಿದೆ. ಹೊಸ ಬ್ರೇಕ್ ಪ್ಯಾಡ್ ಹಾಕಿದ್ದೇನೆ, ಹಳೇ ಪ್ಯಾಡ್‌ಗಳಲ್ಲಿ ಅಲ್ಯೂಮಿನಿಯಂ ಚೂರು ಸಿಕ್ಕಿಕೊಂಡು ಗೋಡೆಯನ್ನು ತಿನ್ನುತ್ತಿದ್ದವು.